ಹನ್ನೊಂದು ಜನರೆದುರು ಉಸಿರಾಡುವುದು

ನಾಲ್ಕನೇ ಹಾಸಿಗೆಯ ರೋಗಿ ಮೆಷಿನ್ನಿನ ನೆರವಿಲ್ಲದೆ ಉಸಿರಾಡಬಲ್ಲರೇ ಎಂಬ ಪರೀಕ್ಷೆ ಪ್ರತಿದಿನ ಬೆಳಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ ನಡೆಯುತ್ತಿತ್ತು. ಆ ಸಮಯವನ್ನು ನಿಗದಿ ಮಾಡಿದ್ದು ರೋಗಿಯ ಶ್ವಾಸಕೋಶವಲ್ಲ, ತೀವ್ರ ನಿಗಾ ಘಟಕದ ಮುಖ್ಯ ವೈದ್ಯರು. ಘಟಕದವರು ಅವರನ್ನು ಬೆನ್ನ ಹಿಂದೆ ‘ದೊಡ್ಡವರು’ ಎಂದು ಕರೆಯುತ್ತಿದ್ದರು. ಇದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಒಂಬತ್ತಕ್ಕೆ ದೊಡ್ಡವರು ರೌಂಡ್ಸ್‌ಗೆ ಬರುತ್ತಿದ್ದರು. ಒಬ್ಬರೇ ಬರುತ್ತಿರಲಿಲ್ಲ. ಇಬ್ಬರು ಕಿರಿಯ ಡಾಕ್ಟರು, ಮೂವರು ವಿದ್ಯಾರ್ಥಿಗಳು, ಹೆಡ್ ನರ್ಸ್, ಔಷಧ ವಿಭಾಗದವರೊಬ್ಬರು, ಆಹಾರ ತಜ್ಞೆ, ಗುಣಮಟ್ಟ ವಿಭಾಗದ ಹೆಂಗಸು, ಜೊತೆಗೆ ಟೈ ಕಟ್ಟಿದ ಒಬ್ಬ ಮನುಷ್ಯ. ಆತನ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ದೊಡ್ಡವರೂ ಸೇರಿ ಒಟ್ಟು ಹನ್ನೊಂದು ಜನ. ಮೆಷಿನ್ನಿನ ಪಕ್ಕದಲ್ಲಿ ನಿಲ್ಲುತ್ತಿದ್ದ ಉಸಿರಾಟದ ಥೆರಪಿಸ್ಟ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಅದೇ ಘಟಕದಲ್ಲಿದ್ದರೂ ಆಕೆ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ವಿದ್ಯಾರ್ಥಿಗಳು ಆಕೆಯನ್ನು ನರ್ಸ್ ಎಂದುಕೊಂಡಿದ್ದರು. ನರ್ಸ್‌ಗಳಿಗೆ ಆಕೆ ಮೆಷಿನ್ ಕಂಪನಿಯವಳಲ್ಲ ಎಂಬಷ್ಟು ಮಾತ್ರ ಗೊತ್ತಿತ್ತು. ಕಿರಿಯ ಡಾಕ್ಟರು ಕಷ್ಟದಲ್ಲಿದ್ದಾಗ “ಅಕ್ಕಾ” ಎನ್ನುತ್ತಿದ್ದರು, ದೊಡ್ಡವರು ಪಕ್ಕದಲ್ಲಿದ್ದಾಗ “ಸಿಸ್ಟರ್” ಎನ್ನುತ್ತಿದ್ದರು.

ಪರೀಕ್ಷೆ ಸರಳವಾದದ್ದು. ರೋಗಿಯ ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಪ್ಲಾಸ್ಟಿಕ್ ಟ್ಯೂಬಿನ ಇನ್ನೊಂದು ತುದಿಗೆ ವೆಂಟಿಲೇಟರ್ ಇರುತ್ತದೆ. ಅದು ಒಳಗೆ ದೂಡುತ್ತಿರುವ ಗಾಳಿಯ ಬಲವನ್ನು ಬಹುಮಟ್ಟಿಗೆ ತೆಗೆದುಬಿಡುತ್ತಾರೆ. ರೋಗಿ ಅರ್ಧ ಗಂಟೆ ತನ್ನ ಬಲದಲ್ಲೇ ಉಸಿರಾಡಿಕೊಂಡಿದ್ದರೆ ಪಾಸು, ಟ್ಯೂಬ್ ತೆಗೆಯಬಹುದು. ಉಸಿರು ನಿಮಿಷಕ್ಕೆ ಮೂವತ್ತೈದು ದಾಟಿದರೆ, ರಕ್ತದ ಆಮ್ಲಜನಕ ತೊಂಬತ್ತರ ಕೆಳಗಿಳಿದರೆ, ಬೆವರಿ ಒದ್ದಾಡಿದರೆ ಫೇಲು.

ನಾಲ್ಕನೇ ಹಾಸಿಗೆಯವರು ಎರಡು ದಿನ ಫೇಲಾಗಿದ್ದರು. ಇದು ಮೂರನೆಯ ದಿನ.

ಥೆರಪಿಸ್ಟ್ ಮೆಷಿನ್ನಿನ ಬಲ ಇಳಿಸಿದಳು. ಹನ್ನೊಂದು ಜನ ಹಾಸಿಗೆಯ ಸುತ್ತ ಅರ್ಧ ಚಂದ್ರಾಕಾರದಲ್ಲಿ ನಿಂತು ರೋಗಿಯ ಎದೆಯನ್ನೇ ನೋಡಿದರು. ಅರವತ್ತಾರರ ಆ ಮನುಷ್ಯ ನ್ಯುಮೋನಿಯಾ ಆಗಿ ಬಂದು ಹತ್ತು ದಿನವಾಗಿತ್ತು. ಎಚ್ಚರವಾಗಿದ್ದರು. ಟ್ಯೂಬ್ ಇದ್ದುದರಿಂದ ಮಾತಾಡುವಂತಿರಲಿಲ್ಲ. ಕಣ್ಣುಗಳು ಮಾತ್ರ ಒಂದು ಮುಖದಿಂದ ಇನ್ನೊಂದಕ್ಕೆ ಓಡಿದವು. ಉಸಿರು ಇಪ್ಪತ್ತಾರಾಯಿತು, ಮೂವತ್ತೊಂದಾಯಿತು.

“ನೋಡಿ, ನೋಡಿ. ಹೊಟ್ಟೆ ಹೇಗೆ ಒಳಗೆ ಎಳೀತಿದೆ ನೋಡಿ,” ದೊಡ್ಡವರು ವಿದ್ಯಾರ್ಥಿಗಳಿಗೆ ಹೇಳಿದರು. ವಿದ್ಯಾರ್ಥಿಗಳು ಇನ್ನಷ್ಟು ಬಗ್ಗಿ ನೋಡಿದರು. ಮೂವತ್ತಾರು.

ರೋಗಿ ಕೈಯಾಡಿಸಿ, ಎದೆಯ ಮೇಲಿದ್ದ ಪ್ಯಾಡಿನಲ್ಲಿ ಪೆನ್ಸಿಲ್ಲಿನಿಂದ ಅಂಕುಡೊಂಕಾಗಿ ‘ಹೋಗಿ’ ಎಂದು ಬರೆದರು.

ದೊಡ್ಡವರು ಅದನ್ನು ಓದಿ, “ಗೊಂದಲದಲ್ಲಿದ್ದಾರೆ. ಬರ್ಕೊಳ್ಳಿ,” ಎಂದರು. ಕಿರಿಯ ಡಾಕ್ಟರಲ್ಲೊಬ್ಬ ಬರೆದುಕೊಂಡ.

ಮೂವತ್ತೆಂಟಾಯಿತು. ಹಣೆಯ ಮೇಲೆ ಬೆವರು ಹನಿಗಟ್ಟಿತು. “ಫೇಲ್,” ಎಂದರು ದೊಡ್ಡವರು. “ಮೂರು ಅವಕಾಶ ಕೊಟ್ಟಾಯ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಗಂಟಲಲ್ಲಿ ತೂತು ಮಾಡಿಸಿ, ಅಲ್ಲಿಂದ ಟ್ಯೂಬ್ ಹಾಕೋಣ. ಗಂಟಲಿನ ಸರ್ಜನ್‌ಗೆ ಹೇಳಿಬಿಡಿ. ಮನೆಯವರ ಸಹಿ ತಗೊಳ್ಳಿ. ನೆಕ್ಸ್ಟ್.”

ಗಂಟಲಲ್ಲಿ ತೂತು ಮಾಡುವುದು ತಪ್ಪೇನಲ್ಲ. ಬೇಕಾದವರಿಗೆ ಅದು ಜೀವ ಉಳಿಸುತ್ತದೆ. ಬೇಡದವರಿಗೆ ಅದು ಬರೀ ತೂತು. ಜೊತೆಗೆ ವಾರಗಟ್ಟಲೆ ಮಾತಿಲ್ಲ, ಇನ್ನೊಂದಷ್ಟು ದಿನ ಆಸ್ಪತ್ರೆ, ಹೊಸ ಸೋಂಕಿಗೆ ಒಂದು ಹೊಸ ಬಾಗಿಲು.

ಫೇಲ್ ಎಂದ ಕೂಡಲೇ ಮೆಷಿನ್ನಿನ ಬಲವನ್ನು ಮತ್ತೆ ಏರಿಸುವುದು ಥೆರಪಿಸ್ಟ್‌ಳ ಕೆಲಸ. ಅಂದು ಮಾತ್ರ ಗುಣಮಟ್ಟ ವಿಭಾಗದ ಹೆಂಗಸು ಮೆಷಿನ್ನಿನ ಪರದೆಗೆ ಬೆನ್ನು ಕೊಟ್ಟು ಏನನ್ನೋ ಟಿಕ್ ಮಾಡುತ್ತ ನಿಂತಿದ್ದಳು. “ಸ್ವಲ್ಪ ಜರುಗ್ತೀರಾ ಮೇಡಂ?” ಎಂದು ಎರಡು ಸಲ ಕೇಳಿದರೂ ಆಕೆಗೆ ಕೇಳಿಸಲಿಲ್ಲ. ಆಕೆ ಪಟ್ಟಿ ಮುಗಿಸಿ ಜಾಗ ಬಿಡುವ ಹೊತ್ತಿಗೆ ಉಳಿದವರೆಲ್ಲ ಐದನೇ ಹಾಸಿಗೆಗೆ ಹೋಗಿ ಬೆನ್ನು ತಿರುಗಿಸಿದ್ದರು. ಥೆರಪಿಸ್ಟ್ ಬಟನ್ನಿಗೆ ಕೈ ಚಾಚಿದವಳು ಹಾಗೇ ನಿಂತಳು. ಮೆಷಿನ್ನಿನ ಬಲ ಇನ್ನೂ ಕೆಳಗೇ ಇತ್ತು. ಉಸಿರು ಮೂವತ್ತೆಂಟರಿಂದ ಮೂವತ್ತಕ್ಕೆ ಇಳಿದಿತ್ತು. ಆಕೆ ನೋಡುತ್ತಿದ್ದಂತೆಯೇ ಇಪ್ಪತ್ತಾರಾಯಿತು. ಇಪ್ಪತ್ಮೂರಾಯಿತು.

ಬೆವರು ಒರೆಸುವ ನೆಪದಲ್ಲಿ ಇನ್ನೆರಡು ನಿಮಿಷ ನೋಡಿದಳು. ಇಪ್ಪತ್ತೆರಡು. ಆಮೇಲೆ ನಿಯಮದಂತೆ ಬಲ ಏರಿಸಿದಳು.

ಹತ್ತೂವರೆಗೆ ಭೇಟಿಯ ಸಮಯ. ರೋಗಿಯ ಹೆಂಡತಿ, ಅಳಿಯ ಇಬ್ಬರೂ ಬಂದರು. ಸಹಿ ಮಾಡಬೇಕಾದ ಕಾಗದ ಹೆಂಡತಿಯ ಕೈಯಲ್ಲಿತ್ತು, ಇನ್ನೂ ಸಹಿಯಾಗಿರಲಿಲ್ಲ. ಅಳಿಯನ ಕೈಯಲ್ಲಿ ಫೋನಿತ್ತು. ಅದರಲ್ಲಿ ಗಂಟಲಿನ ತೂತಿನ ಬಗ್ಗೆ ಆತ ಒಂದು ಗಂಟೆಯಿಂದ ಓದಿದ್ದ.

“ಸಿಸ್ಟರ್, ನಾನು ಓದಿದೆ. ಇದು ತುಂಬಾ ಸಿಂಪಲ್ ಪ್ರೊಸೀಜರ್ ಅಂತೆ. ಜಾಸ್ತಿ ತಲೆ ಕೆಡಿಸ್ಕೊಳ್ಳೋದೇ ಬೇಡವಂತೆ.”

“ನಿನಗೆ ಮಾಡೋದಾದ್ರೆ ಸಿಂಪಲ್ಲೇ,” ಎಂದರು ಅತ್ತೆ. “ಸುಮ್ನಿರಪ್ಪ ಸ್ವಲ್ಪ.” ಆಮೇಲೆ ಥೆರಪಿಸ್ಟ್ ಕಡೆ ತಿರುಗಿ, “ಏನಮ್ಮಾ, ಇವರಿಗೆ ಅಷ್ಟೂ ಶಕ್ತಿ ಇಲ್ವಾ? ನಿನ್ನೆ ನನ್ನ ಕೈ ಹಿಡಿದಾಗ ಬಳೆ ಒಡೆಯೋ ಹಂಗೆ ಹಿಡಿದ್ರು.”

ಥೆರಪಿಸ್ಟ್ ಟ್ಯೂಬಿನ ಕಟ್ಟು ಸರಿಪಡಿಸುತ್ತ ಕೇಳಿದಳು: “ಅಮ್ಮಾ, ಒಂದು ಮಾತು. ಇವರು ಜನರ ಮಧ್ಯ ಹೇಗೆ?”

“ಹೇಗೆ ಅಂದ್ರೆ?”

“ಯಾರಾದ್ರೂ ನೋಡ್ತಾ ನಿಂತ್ರೆ?”

ಹೆಂಡತಿ ಗಂಡನ ಕಡೆ ನೋಡಿದರು. ಗಂಡ ಕಣ್ಣು ಮುಚ್ಚಿಕೊಂಡರು.

“ಅಯ್ಯೋ, ಅದನ್ನ ಕೇಳಬೇಡ ಕಣಮ್ಮಾ. ಯಾರಾದ್ರೂ ನೋಡ್ತಿದ್ರೆ ಇವರಿಗೆ ಕಾಫಿ ಲೋಟ ಎತ್ತೋಕೂ ಆಗಲ್ಲ. ರಿಟೈರ್ ಆದ ದಿನ ಆಫೀಸಲ್ಲಿ ಎಲ್ಲರ ಮುಂದೆ ಎರಡು ಮಾತಾಡಿ ಅಂದ್ರೆ, ಮೈಕ್ ಹಿಡ್ಕೊಂಡು ಬೆವತು ಕೂತುಬಿಟ್ರು. ಕೊನೆಗೆ ನಾನೇ ಥ್ಯಾಂಕ್ಸ್ ಹೇಳಿ ಬಂದೆ.”

“ಯಾವ ಆಫೀಸು?”

“ಡ್ರೈವಿಂಗ್ ಲೈಸೆನ್ಸ್ ಕೊಡೋ ಆಫೀಸು. ಇನ್‌ಸ್ಪೆಕ್ಟರು. ಮೂವತ್ತೊಂದು ವರ್ಷ ಗಾಡೀಲಿ ಪಕ್ಕದಲ್ಲಿ ಕೂತ್ಕೊಂಡು ಟೆಸ್ಟ್ ತಗೊಂಡೋರು.”

ಅಳಿಯ ತಡೆಯಲಾರದೆ ಬಾಯಿ ಹಾಕಿದ: “ತಗೊಳ್ಳೋದೇನು, ಫೇಲ್ ಮಾಡೋದು. ನನ್ನನ್ನೇ ಮೂರು ಸಲ ಫೇಲ್ ಮಾಡಿದ್ರು ಸಿಸ್ಟರ್. ಇವರು ಪಕ್ಕದಲ್ಲಿ ಪ್ಯಾಡ್ ಹಿಡ್ಕೊಂಡು ಒಂದು ಮಾತೂ ಆಡದೆ ನೋಡ್ತಿದ್ರೆ ಕ್ಲಚ್ ಯಾವುದು ಬ್ರೇಕ್ ಯಾವುದು ಮರೆತುಹೋಗೋದು. ಗಾಡಿ ಕೊಡಲ್ಲ ಅಂದೋರು ಆಮೇಲೆ ಮಗಳನ್ನ ಕೊಟ್ರು.”

“ಗಾಡಿ ಆಗಿದ್ರೆ ನೀನು ಗುದ್ದಿಬಿಡ್ತಿದ್ದೆ ಅಂತ ಅವರಿಗೆ ಗೊತ್ತಿತ್ತು,” ಎಂದರು ಅತ್ತೆ.

ಇನ್‌ಸ್ಪೆಕ್ಟರು ಕಣ್ಣು ತೆರೆಯಲಿಲ್ಲ. ಟ್ಯೂಬಿನ ಅಂಚಿನಲ್ಲಿ ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತು.

“ಅಮ್ಮಾ, ಆ ಕಾಗದಕ್ಕೆ ಸಹಿ ಮಾಡೋಕೆ ಎರಡೂವರೆವರೆಗೂ ಟೈಮಿದೆ. ಅಲ್ಲಿವರೆಗೆ ಕೈಯಲ್ಲೇ ಇಟ್ಕೊಳ್ಳಿ,” ಎಂದಳು ಥೆರಪಿಸ್ಟ್.

ಬೆಳಗ್ಗೆ ಬರೆದುಕೊಂಡಿದ್ದ ಕಿರಿಯ ಡಾಕ್ಟರು ಘಟಕದ ನಡುವಿನ ಮೇಜಿನಲ್ಲಿ ಕೂತು ಐದು ಹಾಸಿಗೆಗಳ ಟಿಪ್ಪಣಿ ಬರೆಯುತ್ತಿದ್ದ. ಥೆರಪಿಸ್ಟ್ ತಾನು ಕಂಡದ್ದನ್ನು ಹೇಳಿದಳು. ಸಂಖ್ಯೆಗಳನ್ನೂ ಹೇಳಿದಳು. ಹನ್ನೊಂದೂ ಮುಕ್ಕಾಲಿಗೆ ಇನ್ನೊಮ್ಮೆ ಮಾಡಿ ನೋಡೋಣವೆಂದಳು. ಅವನು ಕೇಳುತ್ತ ಹೋದಂತೆ ಪೆನ್ನು ನಿಧಾನವಾಯಿತು.

“ಅಕ್ಕಾ, ನೀವು ಹೇಳೋದು ಸರಿ ಇರಬಹುದು. ಆದರೆ ಟ್ರಯಲ್ ದಿನಕ್ಕೆ ಒಂದೇ ಸಲ. ಒಂಬತ್ತಕ್ಕೆ.”

“ಯಾಕೆ ಒಂಬತ್ತಕ್ಕೆ?”

“ದೊಡ್ಡವರು ನೋಡಬೇಕಲ್ಲ.”

“ಅವರು ನೋಡ್ತಿರೋದೇ ತೊಂದರೆ ಅಂತ ಹೇಳ್ತಿದ್ದೀನಿ.”

ಅವನು ಹಿಂದೆ ಮುಂದೆ ನೋಡಿದ. “ಇದನ್ನ ಹೀಗೇ ಯಾರ ಹತ್ರನೂ ಹೇಳಬೇಡಿ.” ಡ್ರಾಯರಿನಿಂದ ಫಾರಂ ತೆಗೆದು ತೋರಿಸಿದ. “ನೋಡಿ, ಇಲ್ಲಿ ಅಚ್ಚಾಗಿದೆ. ‘ಬೆಳಗ್ಗೆ 9ರ ಪರೀಕ್ಷೆ.’ ಹನ್ನೊಂದೂ ಮುಕ್ಕಾಲಿಗೆ ಮಾಡಿದ್ರೆ ಎಲ್ಲಿ ಬರೀಲಿ?”

“ಮಾರ್ಜಿನ್ನಲ್ಲಿ.”

“ಮಾರ್ಜಿನ್ನಲ್ಲಿ ಬರೆದ್ರೆ ಗುಣಮಟ್ಟದವರು ಕೆಂಪು ಗೆರೆ ಹಾಕ್ತಾರೆ.”

“ದೊಡ್ಡವರಿಗೆ ಫೋನ್ ಮಾಡಿ ಕೇಳಿ.”

“ಕೆಳಗೆ ಹಾಲ್‌ನಲ್ಲಿ ಭಾಷಣಕ್ಕೆ ರೆಡಿಯಾಗ್ತಿದ್ದಾರೆ. ಹೊರಗಿನ ಆಸ್ಪತ್ರೆಗಳಿಂದ ಇನ್ನೂರು ಜನ ಬಂದಿದ್ದಾರೆ. ಫೋನ್ ಆಫ್.”

“ಏನು ಭಾಷಣ?”

“‘ತಂಡವೇ ಚಿಕಿತ್ಸೆ’ ಅಂತ.”

ಥೆರಪಿಸ್ಟ್ ನಗಲಿಲ್ಲ. ಆಕೆಯ ಕೈಯಲ್ಲಿ ಚಿಕಿತ್ಸೆಯ ಹಾಳೆಯಿತ್ತು. ದೊಡ್ಡವರ ಸಹಿಯ ಮೇಲೆ, ಪ್ರತಿ ರೋಗಿಗೂ ಬರೆಯುವ ಒಂದು ಸಾಲಿತ್ತು: ‘ರೋಗಿ ತಾಳಿಕೊಂಡಷ್ಟು ಮೆಷಿನ್ನಿನ ಬಲ ಕಡಿಮೆ ಮಾಡಬಹುದು.’ ಆಕೆ ಆ ಸಾಲಿನ ಮೇಲೆ ಬೆರಳಿಟ್ಟಳು.

ಕಿರಿಯ ಡಾಕ್ಟರು ಓದಿದ. ಅವನ ಮುಖದ ಮೇಲೆ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವನ ಕಳೆ ಮೂಡಿತು. “ಹಾಂ. ಬಲ ಕಡಿಮೆ ಮಾಡಬಹುದು. ಅದು ನಿಮ್ಮ ಕೆಲಸ. ಅದಕ್ಕೆ ಟ್ರಯಲ್ ಅಂತ ಹೆಸರಿಡಬೇಡಿ ಅಷ್ಟೇ. ನಾನು ಊಟಕ್ಕೆ ಹೋಗಿ ಬರ್ತೀನಿ.”

“ಊಟಕ್ಕೆ ಹೋಗಬೇಡಿ. ಏನಾದ್ರೂ ಎಡವಟ್ಟಾದ್ರೆ ಡಾಕ್ಟರು ಬೇಕು. ಇಲ್ಲೇ ಇರಿ. ನೋಡೋದು ಬೇಡ, ಇದ್ರೆ ಸಾಕು.”

ಹೀಗೆ ಕಿರಿಯ ಡಾಕ್ಟರು ನಾಲ್ಕನೇ ಹಾಸಿಗೆಗೆ ಬೆನ್ನು ಹಾಕಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಎರಡು ಬಿಸ್ಕತ್ತಿನೊಂದಿಗೆ ಕೂತ. ಅವನ ವೃತ್ತಿ ಜೀವನದಲ್ಲಿ ಅಷ್ಟರಮಟ್ಟಿಗಿನ ಶೌರ್ಯ ಅದೇ ಮೊದಲು.

ಹನ್ನೊಂದೂ ಮುಕ್ಕಾಲಿಗೆ ಥೆರಪಿಸ್ಟ್ ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಎಳೆದಳು. ಟ್ಯೂಬಿನಲ್ಲಿದ್ದ ಕಫವನ್ನು ಸಣ್ಣ ಪೈಪಿನಿಂದ ಹೀರಿ ತೆಗೆದಳು. ಹಾಸಿಗೆಯ ತಲೆಭಾಗ ಎತ್ತಿ, ದಿಂಬು ಸರಿಸಿ, ಇನ್‌ಸ್ಪೆಕ್ಟರನ್ನು ಕುರ್ಚಿಯಲ್ಲಿ ಕೂತವರಂತೆ ಕೂರಿಸಿದಳು. ಅಂಕಿಗಳ ಮಾನಿಟರನ್ನು ಅವರ ಕಣ್ಣಿಗೆ ಬೀಳದಂತೆ ತಿರುಗಿಸಿದಳು. ಹೆಂಡತಿಗೆ ಒಂದು ಸ್ಟೂಲ್ ಹಾಕಿದಳು.

“ಇವರು ನಿಮ್ಮ ಮುಂದೆ ಬೆವರಲ್ಲ ತಾನೇ?”

“ನನ್ನ ಮುಂದೆ ಏನು ಬೆವರೋದು? ನಾನೇನು ಜನವಾ?”

“ಹಾಗಾದ್ರೆ ಇಲ್ಲೇ ಕೂತ್ಕೊಂಡು ಏನಾದ್ರೂ ಮಾತಾಡ್ತಾ ಇರಿ. ಇವರನ್ನ ನೋಡಬೇಡಿ. ಉಸಿರಿನ ಬಗ್ಗೆ ಮಾತ್ರ ಎತ್ತಬೇಡಿ.”

ಆಕೆ ಬಲ ಇಳಿಸಿದಳು. ಆಮೇಲೆ ಹಾಸಿಗೆಯ ಕಾಲ ಬಳಿ ಓರೆಯಾಗಿ ನಿಂತು, ಸುತ್ತುವ ಅಗತ್ಯವಿಲ್ಲದ ಒಂದು ಉದ್ದನೆಯ ಪೈಪನ್ನು ಸುತ್ತತೊಡಗಿದಳು. ಮಾನಿಟರಿನ ಅಂಕಿ ಆಕೆಗೆ ಕಿಟಕಿಯ ಗಾಜಿನಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ಅದನ್ನು ಓದುವುದು ಆಕೆಗೆ ಅಭ್ಯಾಸ.

ಹೆಂಡತಿ ಮಾತಾಡಿದರು. ಅಡುಗೆಮನೆಯ ನಲ್ಲಿ ಸೋರುತ್ತಿರುವುದು, ಅದನ್ನು ರಿಪೇರಿ ಮಾಡಲು ಬಂದವನು ಬಚ್ಚಲಿನ ನಲ್ಲಿಯನ್ನೂ ಸೋರುವಂತೆ ಮಾಡಿ ಹೋದದ್ದು, ಪಕ್ಕದ ಮನೆಯಾಕೆ ತನ್ನ ಇಸ್ತ್ರಿಪೆಟ್ಟಿಗೆ ಒಯ್ದು ನಾಲ್ಕು ತಿಂಗಳಾದರೂ ಹಿಂದಿರುಗಿಸದೆ, ಮೊನ್ನೆ ತಮ್ಮನ್ನೇ “ನಿಮ್ಮ ಸೀರೆ ಯಾಕಿಷ್ಟು ಮುದುರಿದೆ?” ಎಂದು ಕೇಳಿದ್ದು. ಇಪ್ಪತ್ತಾರು. ಇಪ್ಪತ್ನಾಲ್ಕು. ಇಸ್ತ್ರಿಪೆಟ್ಟಿಗೆಯ ಹೊತ್ತಿಗೆ ಇಪ್ಪತ್ತೊಂದು. ಪ್ರತಿ ಉಸಿರಿಗೂ ನಾನೂರ ಇಪ್ಪತ್ತು ಮಿಲಿಲೀಟರ್ ಗಾಳಿ. ಆಮ್ಲಜನಕ ತೊಂಬತ್ತೈದು. ಅರ್ಧ ಗಂಟೆ ಕಳೆಯಿತು. ಪಾಸಾಗಲು ಅಷ್ಟು ಸಾಕಿತ್ತು. ಆದರೆ ಆಕೆಗೆ ಗೊತ್ತಿತ್ತು, ತನ್ನಂಥವರ ಮಾತು ನಂಬಿಸಲು ನಾಲ್ಕು ಪಟ್ಟು ಬೇಕು. ಎರಡು ಗಂಟೆ ಬಿಡುವುದೆಂದು ನಿರ್ಧರಿಸಿದಳು.

ಒಂದು ಗಂಟೆಯ ಸುಮಾರಿಗೆ ಪರದೆ ಸರ್ರನೆ ಸರಿಯಿತು. ಅಳಿಯ. ಚಾಚಿದ ಕೈಯಲ್ಲಿ ಫೋನು, ಫೋನಿನಲ್ಲಿ ಏಳೆಂಟು ಮುಖಗಳು.

“ಮಾವಾ, ಎಲ್ಲರೂ ಲೈನಲ್ಲಿದ್ದಾರೆ! ನಿಮ್ಮನ್ನ ನೋಡಬೇಕಂತೆ! ಕೈ ಆಡಿಸಿ!”

ಕಿಟಕಿಯ ಗಾಜಿನಲ್ಲಿ ಅಂಕಿ ಜಿಗಿಯಿತು. ಇಪ್ಪತ್ತೆಂಟು. ಮೂವತ್ತೆರಡು. ಫೋನಿನಿಂದ ಯಾರೋ, “ಅಯ್ಯೋ, ಎಷ್ಟು ಇಳಿದುಹೋಗಿದ್ದಾರೆ!” ಎಂದು ರಾಗ ತೆಗೆದರು. ಮೂವತ್ನಾಲ್ಕು.

ಥೆರಪಿಸ್ಟ್ ಬಾಯಿ ತೆರೆಯುವ ಮುನ್ನವೇ ಅತ್ತೆ ಎದ್ದು ಫೋನನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಏಳೆಂಟು ಮುಖಗಳು ಸೀರೆಯೊಳಗೆ ಮಾಯವಾದವು.

“ಅತ್ತೆ, ಅವರು ಇನ್ನೂ—”

“ಹೋಗಿ ಹೊರಗೆ ಕೂತ್ಕೋ. ಮೂರು ಸಲ ಫೇಲಾದೋನು ನೀನು, ಇವರನ್ನ ಯಾಕೆ ಫೇಲ್ ಮಾಡಿಸ್ತೀಯಾ?”

ಅಂಕಿ ಇಳಿಯಲು ಆರು ನಿಮಿಷ ಬೇಕಾಯಿತು. ಆ ಆರು ನಿಮಿಷ ಥೆರಪಿಸ್ಟ್ ಸುತ್ತಿದ ಪೈಪನ್ನು ಬಿಚ್ಚಿ ಮತ್ತೆ ಸುತ್ತಿದಳು. ಇನ್‌ಸ್ಪೆಕ್ಟರ ಕಡೆ ಒಂದು ಸಲವೂ ತಿರುಗಲಿಲ್ಲ. ಇಪ್ಪತ್ತೆರಡಕ್ಕೆ ಬಂದಾಗ ಮಾತ್ರ ಪೈಪನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಅಂಗೈಯಲ್ಲಿ ಪೈಪಿನ ಅಚ್ಚು ಕೆಂಪಗೆ ಮೂಡಿತ್ತು.

ಒಂದೂ ಮುಕ್ಕಾಲಿಗೆ ಎರಡು ಗಂಟೆ ಮುಗಿಯಿತು. ಕೊನೆಯದಾಗಿ, ಟ್ಯೂಬಿನ ಸುತ್ತ ಗಾಳಿ ಹೊರಹೋಗದಂತೆ ಉಬ್ಬಿಸಿಟ್ಟ ಪುಟ್ಟ ಬಲೂನಿನ ಗಾಳಿ ತೆಗೆದು ಕಿವಿಗೊಟ್ಟಳು. ಗಂಟಲಿನಿಂದ ಸೊರಸೊರ ಸದ್ದು ಕೇಳಿಸಿತು. ಅಂದರೆ ಟ್ಯೂಬಿನ ಸುತ್ತ ಗಂಟಲು ಊದಿಕೊಂಡಿಲ್ಲ. ಟ್ಯೂಬ್ ತೆಗೆದರೆ ದಾರಿ ಮುಚ್ಚಿಹೋಗುವ ಭಯವಿಲ್ಲ. ಬಲೂನನ್ನು ಮತ್ತೆ ಉಬ್ಬಿಸಿ, ದಣಿಯಬಾರದೆಂದು ಮೆಷಿನ್ನಿನ ಬಲ ಏರಿಸಿ, ಎಲ್ಲವನ್ನೂ ಹಾಳೆಯಲ್ಲಿ ಬರೆದಳು.

ಕಿರಿಯ ಡಾಕ್ಟರು ಹಾಳೆಯನ್ನು ಎರಡು ಸಲ ಓದಿದ. “ಪಾಸು. ಫಸ್ಟ್ ಕ್ಲಾಸು,” ಎಂದ. ಆಮೇಲೆ ಧ್ವನಿ ಇಳಿಸಿ, “ಆದರೆ ಟ್ಯೂಬ್ ತೆಗೀಬೇಕಾದ್ರೆ ದೊಡ್ಡವರೇ ಹೇಳಬೇಕು.”

“ಫೋನ್?”

“ಆಫ್.”

“ಗಂಟಲಿನ ಸರ್ಜನ್?”

“ಮೂರಕ್ಕೆ ಅಂದ್ರೆ ಎರಡೂ ಮುಕ್ಕಾಲಿಗೇ ಬರ್ತಾರೆ. ಅವರಿಗೆ ನಾಲ್ಕಕ್ಕೆ ಇನ್ನೊಂದು ಗಂಟಲಿದೆ.”

“ಹಾಲ್‌ಗೆ ಹೋಗಿ ಕೇಳ್ಕೊಂಡು ಬನ್ನಿ.”

“ನಾನಾ?” ಎಂದ ಕಿರಿಯ ಡಾಕ್ಟರು. ಎರಡು ಬಿಸ್ಕತ್ತು ತಿಂದು ಕೂಡಿಸಿಕೊಂಡಿದ್ದ ಶೌರ್ಯವೆಲ್ಲ ಆ ಒಂದು ಪದದಲ್ಲಿ ಖರ್ಚಾಯಿತು.

ಥೆರಪಿಸ್ಟ್ ಹಾಸಿಗೆಯ ಬಳಿ ನರ್ಸನ್ನು ನಿಲ್ಲಿಸಿ, ಹಾಳೆ ತೆಗೆದುಕೊಂಡು ತಾನೇ ಮೆಟ್ಟಿಲಿಳಿದಳು.

ಹಾಲ್ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡವರು, ಅವರ ಹಿಂದೆ ಗೋಡೆಯಗಲದ ಚಿತ್ರ. ಚಿತ್ರದಲ್ಲಿ ದೊಡ್ಡವರು ವೆಂಟಿಲೇಟರಿನ ಮೇಲೆ ಕೈಯಿಟ್ಟು ಕ್ಯಾಮೆರಾದ ಕಡೆ ನೋಡುತ್ತಿದ್ದರು. ಮೂಲೆಯಲ್ಲಿ, ರೋಗಿಯ ಮೇಲೆ ಬಾಗಿದ ಒಬ್ಬ ಹೆಂಗಸಿನ ಬೆನ್ನು ಕಾಣುತ್ತಿತ್ತು.

“ಉಸಿರಾಟದ ಥೆರಪಿಸ್ಟ್!” ದೊಡ್ಡವರು ಮೈಕಿನಲ್ಲಿ ಹೇಳುತ್ತಿದ್ದರು. “ನಮ್ಮ ತಂಡದ ಬೆನ್ನೆಲುಬು. ಡಾಕ್ಟರು ದಿನಕ್ಕೆ ಹತ್ತು ನಿಮಿಷ ರೋಗಿಯನ್ನು ನೋಡಿದರೆ ಇವರು ಎಂಟು ಗಂಟೆ ನೋಡುತ್ತಾರೆ. ನಾನು ಯಾವ ನಿರ್ಧಾರ ತೆಗೆದುಕೊಳ್ಳುವ ಮೊದಲೂ ಇವರ ಮಾತು ಕೇಳುತ್ತೇನೆ.” ಚಪ್ಪಾಳೆ. “ಪ್ರಶ್ನೆಗಳಿದ್ದರೆ ಕೇಳಬಹುದು.”

ಹಿಂದಿನ ಸಾಲಿನ ಪಕ್ಕ ಮೈಕ್ ಹಿಡಿದು ನಿಂತಿದ್ದವನ ಕೈಯಿಂದ ಥೆರಪಿಸ್ಟ್ ಮೈಕ್ ತೆಗೆದುಕೊಂಡಳು.

“ನಮಸ್ಕಾರ ಸಾರ್. ನಾನು ಉಸಿರಾಟದ ಥೆರಪಿಸ್ಟ್. ಆ ಫೋಟೋದಲ್ಲಿರೋ ಬೆನ್ನು ನಂದು.”

ಇನ್ನೂರು ತಲೆಗಳು ತಿರುಗಿದವು. ಯಾರೋ ನಕ್ಕರು.

“ಬೆಳಗ್ಗೆ ಒಂಬತ್ತಕ್ಕೆ ಫೇಲಾದ ನಮ್ಮ ರೋಗಿ ಹನ್ನೊಂದೂ ಮುಕ್ಕಾಲಿಂದ ಒಂದೂ ಮುಕ್ಕಾಲುವರೆಗೆ, ಎರಡು ಗಂಟೆ, ತಾವೇ ಉಸಿರಾಡಿದ್ದಾರೆ. ಉಸಿರು ಇಪ್ಪತ್ತೆರಡು. ಆಮ್ಲಜನಕ ತೊಂಬತ್ತೈದು. ಮಧ್ಯದಲ್ಲಿ ಆರು ನಿಮಿಷ ಜಾಸ್ತಿಯಾಗಿತ್ತು, ಸಂಬಂಧಿಕರು ಬಂದಿದ್ರು.” ನಗು ಜೋರಾಯಿತು. ಆಕೆ ನಗಲಿಲ್ಲ. “ಮೂರಕ್ಕೆ ಅವರ ಗಂಟಲಿಗೆ ತೂತು ಅಂತ ಬರೆದಿದೆ. ಈಗ ಎರಡೂ ಇಪ್ಪತ್ತು. ಟ್ಯೂಬ್ ತೆಗೀಬಹುದಾ ಅಂತ ಕೇಳೋಕೆ ಬಂದೆ.”

ದೊಡ್ಡವರು ನೀರಿನ ಲೋಟ ಎತ್ತಿಕೊಂಡು, ಕುಡಿಯದೆ ಕೆಳಗಿಟ್ಟರು. ಅವರ ಟೈ ಬೇಗ ಬೇಗ ಏರಿ ಇಳಿಯುತ್ತಿತ್ತು. ವೃತ್ತಿಯ ಚಾಳಿ, ಥೆರಪಿಸ್ಟ್ ಮನಸ್ಸಿನಲ್ಲೇ ಎಣಿಸಿದಳು. ಇಪ್ಪತ್ತೆಂಟು.

“ಇದು... ಇದು ಇಲ್ಲಿ ಚರ್ಚಿಸುವ—”

ಮುಂದಿನ ಸಾಲಿನಲ್ಲಿ ಕೂತಿದ್ದ, ಬೇರೆ ಆಸ್ಪತ್ರೆಯ ವಯಸ್ಸಾದ ವೈದ್ಯೆಯೊಬ್ಬರು ಕುರ್ಚಿಯಿಂದಲೇ ಹಿಂದೆ ತಿರುಗಿ ಕೇಳಿದರು: “ಬಲೂನ್ ಇಳಿಸಿದ್ರೆ ಗಾಳಿ ಸೋರುತ್ತಾಮ್ಮಾ?”

“ಸೋರುತ್ತೆ ಮೇಡಂ. ಚೆನ್ನಾಗಿ.”

“ಎಚ್ಚರ ಇದ್ದಾರಾ? ಹೇಳಿದ್ದು ಕೇಳ್ತಾರಾ?”

“ಬೆಳಗ್ಗೆ ಎಲ್ಲರಿಗೂ ‘ಹೋಗಿ’ ಅಂತ ಬರೆದುಕೊಟ್ರು.”

“ಹಾಗಾದ್ರೆ ಬುದ್ಧಿ ನೆಟ್ಟಗಿದೆ. ಇನ್ನೇನು ಕಾಯ್ತಿದ್ದೀರಿ?” ಎಂದು ಆಕೆ ವೇದಿಕೆಯ ಕಡೆ ನೋಡಿದರು. ಅವರ ಹಿಂದೆಯೇ ಇನ್ನೂರು ಜನರೂ ಅತ್ತ ನೋಡಿದರು.

ಅಷ್ಟು ಕಣ್ಣುಗಳ ಮುಂದೆ ಒಬ್ಬ ಮನುಷ್ಯ ಏನು ಮಾಡಬಲ್ಲನೋ ದೊಡ್ಡವರು ಅದನ್ನೇ ಮಾಡಿದರು. ಮುಗುಳ್ನಕ್ಕರು. ಕೈಗಳನ್ನು ಅಗಲಿಸಿದರು.

“ನೋಡಿದಿರಾ? ಇದನ್ನೇ ನಾನು ಇಷ್ಟು ಹೊತ್ತು ಹೇಳಿದ್ದು. ಬೆಳಗ್ಗೆ ನಾನೇ ಇವರಿಗೆ ಸೂಚನೆ ಕೊಟ್ಟಿದ್ದೆ, ಗಮನಿಸುತ್ತಿರಿ ಎಂದು.”

ಭಾರಿ ಚಪ್ಪಾಳೆ. ಅದು ನಿಲ್ಲುವವರೆಗೆ ಥೆರಪಿಸ್ಟ್ ಕಾದಳು.

“ಅಂದ್ರೆ ತೆಗೀಬಹುದು ಅಂತಾನಾ ಸಾರ್?”

“ಅಂತಾನೇ.”

“ಅದನ್ನ ಮೇಲಿರೋ ಡಾಕ್ಟರಿಗೆ ನೀವೇ ಒಂದು ಮಾತು ಹೇಳಿಬಿಡಿ ಸಾರ್. ನಾನು ಹೇಳಿದ್ರೆ ಧೈರ್ಯ ಬರಲ್ಲ.” ಆಕೆ ಕಿರಿಯ ಡಾಕ್ಟರ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೈಕಿನ ಪಕ್ಕ ಹಿಡಿದಳು.

“ಅಕ್ಕಾ!” ಇಡೀ ಹಾಲ್‌ಗೆ ಕೇಳಿಸಿತು. “ಬೇಗ ಬನ್ನಿ ಅಕ್ಕಾ, ಗಂಟಲಿನವರು ಆಗಲೇ ಬಂದು ಕತ್ತರಿ ಎಣಿಸ್ತಿದ್ದಾರೆ! ನೀವು ಎರಡು ಗಂಟೆ ಬಲ ಇಳಿಸಿದ್ದು ದೊಡ್ಡವರಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ!”

“ನಾನೇ ಮಾತಾಡ್ತಿರೋದು,” ಎಂದರು ದೊಡ್ಡವರು, ವೇದಿಕೆಯ ಮೈಕಿನಿಂದ.

ಫೋನಿನ ಆ ಕಡೆ ಉಸಿರಾಟ ಪೂರ್ತಿ ನಿಂತಿತು.

“ಟ್ಯೂಬ್ ತೆಗೀರಿ,” ಎಂದರು ದೊಡ್ಡವರು. ಮುಗುಳ್ನಗೆ ಇನ್ನೂ ಇದ್ದ ಜಾಗದಲ್ಲೇ ಇತ್ತು.

ಥೆರಪಿಸ್ಟ್ ಮೇಲೆ ಬಂದಾಗ ಎರಡೂ ಮುಕ್ಕಾಲಾಗಿತ್ತು. ಗಂಟಲಿನ ಸರ್ಜನ್ ಗ್ಲೌಸ್ ಕಳಚುತ್ತಿದ್ದರು. ಬೇಸರ ಕಾಣಲಿಲ್ಲ. “ಕತ್ತರಿ ತಟ್ಟೆ ಬಿಚ್ಚಿಟ್ಟು ಹತ್ತು ನಿಮಿಷ ಇಲ್ಲೇ ಇರ್ತೀನಿ. ತೆಗೆದ ಮೇಲೆ ಗಂಟಲು ಕಟ್ಟಿಕೊಂಡ್ರೆ ಬೇಕಾಗ್ತೀನಲ್ಲ,” ಎಂದರು. ಬೆಳಗಿನಿಂದ ಆ ಘಟಕದಲ್ಲಿ ರೋಗಿಗೆ ಉಪಯೋಗವಾಗುವ ಮಾತನ್ನು ತಾನಾಗಿ ಆಡಿದ ಡಾಕ್ಟರು ಅವರೊಬ್ಬರೇ. ಹೇಳಿ, ಪರದೆಯ ಹೊರಗೆ ಹೋಗಿ ನಿಂತರು.

ಟ್ಯೂಬ್ ತೆಗೆಯುವುದಕ್ಕೆ ನಾಲ್ಕು ಸೆಕೆಂಡ್ ಸಾಕು. ಕಟ್ಟು ಬಿಚ್ಚಿ, ಬಾಯಿ ಗಂಟಲು ಶುದ್ಧ ಮಾಡಿ, ಬಲೂನಿನ ಗಾಳಿ ಇಳಿಸಿ, “ಜೋರಾಗಿ ಉಸಿರು ಎಳ್ಕೊಳ್ಳಿ” ಎಂದು ಥೆರಪಿಸ್ಟ್ ಒಂದೇ ಎಳೆತಕ್ಕೆ ಎಳೆದಳು. ಕಿರಿಯ ಡಾಕ್ಟರು ಆಮ್ಲಜನಕದ ಮಾಸ್ಕ್ ಇಟ್ಟ. ಆಕೆ ಅವನನ್ನು ಫೋನಿನ ವಿಷಯ ಕೇಳಲಿಲ್ಲ, ಮೇಜಿಗೆ ಕಳಿಸಿದಳು.

ಕಷ್ಟವಿರುವುದು ಆಮೇಲೆ. ಹತ್ತು ದಿನದ ಕಫ ಒಳಗೆ ಕೂತಿರುತ್ತದೆ. ರೋಗಿ ಕೆಮ್ಮಿ ತೆಗೆಯಬೇಕು. ತೆಗೆಯದಿದ್ದರೆ ಅದೇ ದಾರಿ ಮುಚ್ಚುತ್ತದೆ. ಟ್ಯೂಬ್ ಮತ್ತೆ ಒಳಗೆ ಹೋಗುತ್ತದೆ. ಎರಡನೆಯ ಸಲ ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

“ಕೆಮ್ಮಿ ಸಾರ್.”

ಇನ್‌ಸ್ಪೆಕ್ಟರು ತಲೆಯಾಡಿಸಿ, ಯಾರದೋ ನಿದ್ದೆ ಕೆಡಿಸಬಾರದೆಂಬಂತೆ “ಖ್” ಎಂದರು. ಎದೆಯೊಳಗೆ ಗೊರಗೊರ ಎನ್ನುತ್ತಿತ್ತು. ಆಮ್ಲಜನಕ ತೊಂಬತ್ನಾಲ್ಕು. ತೊಂಬತ್ಮೂರು.

“ಇದು ಕೆಮ್ಮಲ್ಲ. ಮನೇಲಿ ಹೇಗೆ ಕೆಮ್ತೀರೋ ಹಾಗೆ.”

“ಮನೇಲಿ ಕೆಮ್ಮಿದ್ರೆ ಬೀದಿ ಕೊನೇಲಿ ನಾಯಿ ಬೊಗಳುತ್ತೆ,” ಎಂದರು ಹೆಂಡತಿ. “ಏನೂಂದ್ರೆ, ಕೆಮ್ರೀ.”

ಆಗ ಬಾಗಿಲ ಬಳಿ ಬೂಟಿನ ಸದ್ದಾಯಿತು. ದೊಡ್ಡವರು ಅತಿಥಿಗಳಲ್ಲಿ ಒಂದಷ್ಟು ಜನರನ್ನು ಆರಿಸಿಕೊಂಡು ಮೇಲಕ್ಕೆ ಕರೆತಂದಿದ್ದರು, ತಂಡದ ಕೆಲಸವನ್ನು ಕಣ್ಣಾರೆ ತೋರಿಸಲು. ಬ್ಯಾಡ್ಜ್ ಹಾಕಿಕೊಂಡ ಆ ಗುಂಪಿನ ಹಿಂದೆ ಅಳಿಯನೂ ಸೇರಿಕೊಂಡಿದ್ದ. ಪರದೆಯ ಕೆಳಗಿನ ಸಂದಿಯಲ್ಲಿ ಬೂಟುಗಳು ಸಾಲಾಗಿ ಬಂದು ನಿಂತದ್ದನ್ನು ಇನ್‌ಸ್ಪೆಕ್ಟರು ನೋಡಿದರು. ಬಾಯಿ ಬಿಗಿಯಾಗಿ ಮುಚ್ಚಿಕೊಂಡರು. ತೊಂಬತ್ತೊಂದು.

ಪರದೆಯ ಅಂಚನ್ನು ನಾಲ್ಕು ಬೆರಳು ಹಿಡಿದವು. ದೊಡ್ಡವರ ಉಂಗುರ. ಥೆರಪಿಸ್ಟ್ ಒಳಗಿನಿಂದ ಅದೇ ಅಂಚನ್ನು ಹಿಡಿದು ಮುಚ್ಚಿದಳು.

“ಐದು ನಿಮಿಷ ಸಾರ್.”

“ನಾನಮ್ಮಾ.”

“ಗೊತ್ತು ಸಾರ್. ಐದು ನಿಮಿಷ.”

ಹೊರಗೆ ದೊಡ್ಡವರು ಅತಿಥಿಗಳಿಗೆ ವಿವರಿಸುವುದು ಕೇಳಿಸಿತು: “ಇಲ್ಲಿ ನಾವು ರೋಗಿಯ ಖಾಸಗಿತನಕ್ಕೆ ಬಹಳ ಮಹತ್ವ ಕೊಡುತ್ತೇವೆ.”

ತೊಂಬತ್ತು. ಎಂಬತ್ತೊಂಬತ್ತು. ಇನ್‌ಸ್ಪೆಕ್ಟರ ತುಟಿ ಬಣ್ಣಗೆಡುತ್ತಿತ್ತು. ಹೊರಗೆ ಗಂಟಲಿನ ಸರ್ಜನ್ ತಟ್ಟೆಯನ್ನು ಹತ್ತಿರ ಎಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ಥೆರಪಿಸ್ಟ್ ಒಂದು ದಿಂಬನ್ನು ಅವರ ಹೊಟ್ಟೆಗೆ ಒತ್ತಿಟ್ಟು, ಅವರ ಎರಡೂ ಕೈಗಳನ್ನು ಅದರ ಸುತ್ತ ತಬ್ಬಿಸಿ, ಅವರ ಬೆನ್ನಿಗೆ ತನ್ನ ಅಂಗೈ ಕೊಟ್ಟು, ತನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ಅಮ್ಮಾ, ನೀವೂ ಆ ಕಡೆ ತಿರುಗಿ.” ಆಮೇಲೆ ಮೆಲ್ಲಗೆ, “ಯಾರೂ ನೋಡ್ತಿಲ್ಲ ಸಾರ್. ಹೊರಗಿರೋರು ಡಾಕ್ಟರುಗಳು, ಅವರಿಗೆ ಏನೂ ಗೊತ್ತಾಗಲ್ಲ. ದಿಂಬು ಒತ್ಕೊಂಡು, ಒಂದೇ ಒಂದು ಸಲ.”

ಅಂಗೈಯ ಕೆಳಗೆ ಬೆನ್ನು ನಿಧಾನವಾಗಿ ಅಗಲವಾದದ್ದು ಆಕೆಗೆ ತಿಳಿಯಿತು. ಆಮೇಲೆ ಬಂದ ಕೆಮ್ಮಿಗೆ ಹಾಸಿಗೆಯ ಸರಳುಗಳು ಅದುರಿದವು. ಹೊರಗೆ ದೊಡ್ಡವರ ಮಾತು ಅರ್ಧದಲ್ಲೇ ತುಂಡಾಯಿತು. ಇನ್ನೊಂದು ಬಂತು, ಮೊದಲಿನದಕ್ಕಿಂತ ದೊಡ್ಡದು, ಅದರ ಬಾಲದಲ್ಲಿ ಏನೋ ಕಿತ್ತು ಬಂದ ಸದ್ದು.

ಥೆರಪಿಸ್ಟ್ ತಟ್ಟೆ ಹಿಡಿದಳು. ಹಳದಿ ಹಸಿರು ಬಣ್ಣದ, ಕಿರುಬೆರಳಿನಷ್ಟು ಉದ್ದದ ಗಟ್ಟಿ ಕಫ. ಅಂಕಿ ನೋಡಿದಳು. ತೊಂಬತ್ತೊಂದು. ತೊಂಬತ್ನಾಲ್ಕು. ತೊಂಬತ್ತಾರು. ತಟ್ಟೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

“ಒಡವೆ ಅಂಗಡೀಲಿ ನೋಡೋ ಹಂಗೆ ನೋಡ್ತಿದ್ದೀಯಲ್ಲೇ ತಾಯಿ,” ಎಂದರು ಹೆಂಡತಿ, ಮೂಗಿಗೆ ಸೆರಗು ಹಿಡಿದು ತಾವೂ ಬಗ್ಗಿ ನೋಡುತ್ತ. ಸಹಿ ಮಾಡದ ಕಾಗದ ಅವರ ಇನ್ನೊಂದು ಕೈಯಲ್ಲಿ ಮುದ್ದೆಯಾಗಿತ್ತು.

ಇನ್‌ಸ್ಪೆಕ್ಟರು ಏನೋ ಹೇಳಿದರು. ಹತ್ತು ದಿನದ ಮೇಲಿನ ಮೊದಲ ಮಾತು, ಒಣಗಿದ ಎಲೆಯ ಸದ್ದಿನಂತೆ. ಹೆಂಡತಿ ಕಿವಿ ಹತ್ತಿರ ಒಯ್ದರು.

“ಏನಂತೆ?”

“ಫೋನ್ ಎಲ್ಲಿ ಅಂತಾರೆ. ಅಳಿಯನ ಕೈಗೆ ವಾಪಸ್ ಕೊಡಬೇಡ ಅಂತಾರೆ.”

ಅಷ್ಟರಲ್ಲಿ ಹೊರಗೆ ಚಪ್ಪಾಳೆ ಶುರುವಾಯಿತು. ಬೂಟುಗಳು ಪರದೆಗೆ ಇನ್ನೂ ಹತ್ತಿರ ಬಂದವು. ಇನ್‌ಸ್ಪೆಕ್ಟರು ಬೆಚ್ಚಿದರು. ಉಸಿರು ಇಪ್ಪತ್ತೆರಡರಿಂದ ಒಮ್ಮೆಲೇ ಇಪ್ಪತ್ತೊಂಬತ್ತಕ್ಕೆ ಹಾರಿತು. ಮಾಸ್ಕಿನೊಳಗೆ ಮತ್ತೆ ಬಾಯಿ ಬಿಗಿಯಾಯಿತು.

“ಚಪ್ಪಾಳೆ ನಿಲ್ಸ್ರೀ!” ಎಂದು ಥೆರಪಿಸ್ಟ್ ಪರದೆಯ ಕಡೆ ಕೂಗಿದಳು.

ಹದಿನಾಲ್ಕು ವರ್ಷದಲ್ಲಿ ಆ ಘಟಕದಲ್ಲಿ ಆಕೆಯ ಧ್ವನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಚಪ್ಪಾಳೆ ಕತ್ತರಿಸಿದಂತೆ ನಿಂತಿತು. ಆಮೇಲೆ ದೊಡ್ಡವರು ಅತಿಥಿಗಳನ್ನು ಗದರುವುದು ಕೇಳಿಸಿತು, ಪಿಸುಮಾತಿನಲ್ಲಿ: “ಶ್... ಸದ್ದು ಮಾಡಬೇಡಿ ಅಂತ ಮೊದಲೇ ಹೇಳಿದ್ದೆ.” ಬೂಟುಗಳು ಒಂದೊಂದಾಗಿ ಸಂದಿಯಿಂದ ಹಿಂದೆ ಸರಿದವು.

ಥೆರಪಿಸ್ಟ್ ಗೋಡೆಯ ಕಡೆ ತಿರುಗಿ ನಿಂತು, ಅಂಗೈಯನ್ನು ಮತ್ತೆ ಅವರ ಬೆನ್ನಿಗಿಟ್ಟಳು.

“ಹೋದ್ರು ಸಾರ್. ಇನ್ನೊಂದು ಸಲ.”